ನಂಬುವವನ ಹೊಣೆ



ನಂಬಿಕೆಯ ವಿಷಯವಾಗಿ ಎರಡು ಮಾತುಗಳು ನಮ್ಮ ಕಿವಿಗೆ ಬೀಳುತ್ತಲೇ ಇರುತ್ತವೆ. ದೇವರ ವಿಷಯದಲ್ಲಿ, ಗುರುವಿನ ವಿಷಯದಲ್ಲಿ ಪ್ರಶ್ನೆ ಕೇಳಬಾರದು, ಪ್ರಶ್ನೆ ಎಲ್ಲಿ ನಿಲ್ಲುವುದೋ ಅಲ್ಲಿಯೇ ಭಕ್ತಿ ಹುಟ್ಟುವುದು ಎಂಬುದು ಒಂದು ಮಾತು. ಕಣ್ಣಿಗೆ ಕಾಣದ್ದನ್ನು, ಲೆಕ್ಕಕ್ಕೆ ಸಿಗದ್ದನ್ನು ನಂಬುವವನು ಮೂಢ ಎಂಬುದು ಇನ್ನೊಂದು ಮಾತು. ಮೊದಲನೆಯದನ್ನು ಹೆಚ್ಚಾಗಿ ಹಿರಿಯರು ಆಡುತ್ತಾರೆ, ಎರಡನೆಯದನ್ನು ಓದಿದ ಹುಡುಗರು ಆಡುತ್ತಾರೆ. ಒಂದೇ ಮನೆಯಲ್ಲಿ ತಂದೆ ಅದನ್ನು, ಮಗ ಇದನ್ನು ಹಿಡಿದುಕೊಂಡು ಮಾತು ಬಿಟ್ಟು ಕುಳಿತಿರುವುದೂ ಉಂಟು.

ಈ ಎರಡು ಮಾತುಗಳ ನಡುವೆ ಒಂದು ದೊಡ್ಡ ಪ್ರಶ್ನೆ ಮರೆಯಾಗಿದೆ. ನಾವು ನಂಬಿದ ಸಂಗತಿ ನಿಜವೋ ಸುಳ್ಳೋ ಎಂಬುದು ಒಂದು ಪ್ರಶ್ನೆ. ಅದನ್ನು ನಂಬುವ ಹಕ್ಕು ನಮಗೆ ಇದೆಯೇ, ನಂಬಿದ್ದಕ್ಕೆ ನಾವು ಹೊಣೆಗಾರರೇ ಎಂಬುದು ಬೇರೆಯೇ ಪ್ರಶ್ನೆ. ಕಳ್ಳತನ ಮಾಡಿದವನು ಹೊಣೆಗಾರನೆಂದು ಎಲ್ಲರೂ ಒಪ್ಪುತ್ತೇವೆ. ಆದರೆ ವಿಚಾರಿಸದೆ ನಂಬಿದವನೂ ಹೊಣೆಗಾರನೇ? ಆಧಾರವಿಲ್ಲದೆ ನಂಬುವುದರಲ್ಲಿ ಧರ್ಮಾಧರ್ಮದ ಮಾತು ಉಂಟೇ? ಇದೇ ಈ ದಿನದ ವಿಷಯ.

ಈ ಪ್ರಶ್ನೆಯನ್ನು ಹಿಡಿದು ಬಹಳ ಕಾಲ ಶ್ರಮಿಸಿದವರು ಮಧ್ಯಯುಗದ ಯೂರೋಪಿನ ಮತ್ತು ಅರಬ್ಬೀ ನಾಡುಗಳ ಜ್ಞಾನಿಗಳು. ಆ ಕಾಲವನ್ನು ಕುರುಡುನಂಬಿಕೆಯ ಕಾಲ, ಕತ್ತಲೆಯ ಕಾಲ ಎಂದು ಕರೆಯುವ ರೂಢಿ ಇದೆ. ಅಲ್ಲಿ ಕತ್ತಲೆ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಆ ಕತ್ತಲೆಯಲ್ಲಿ ದೀಪ ಹಿಡಿದು ನಿಂತವರೂ ಇದ್ದರು. ಅವರ ಮಾತನ್ನು ಕ್ರಮವಾಗಿ ನೋಡೋಣ.

ಮಧ್ಯಯುಗದ ಕ್ರೈಸ್ತ ಪಂಡಿತರೆಲ್ಲ ಓದಿಕೊಂಡು ಬೆಳೆದದ್ದು ಅಗಸ್ಟೀನ್ ಎಂಬ ಹಿರಿಯನ ಗ್ರಂಥಗಳನ್ನು. ಈತ 354ರಲ್ಲಿ, ಇಂದು ಅಲ್ಜೀರಿಯ ಎನ್ನಿಸುವ ಉತ್ತರ ಆಫ್ರಿಕದ ನಾಡಿನಲ್ಲಿ ಹುಟ್ಟಿದವನು. ಮಾಣಿ ಎಂಬ ಪ್ರವಾದಿಯ ಪಂಥದವರು ಆಗ ಅಲ್ಲಿ ಪ್ರಬಲರಾಗಿದ್ದರು. 'ಉಳಿದವರು ನಂಬು ಎನ್ನುತ್ತಾರೆ, ನಾವು ಶುದ್ಧ ಯುಕ್ತಿಯಿಂದಲೇ ತೋರಿಸುತ್ತೇವೆ' ಎಂಬುದು ಅವರ ಪ್ರಚಾರ. ಯೌವನದಲ್ಲಿ ಅಗಸ್ಟೀನನೂ ಆ ಪಂಥದಲ್ಲಿದ್ದ. ಅದನ್ನು ಬಿಟ್ಟು ಬಂದ ಮೇಲೆ, ಇನ್ನೂ ಅಲ್ಲಿಯೇ ಉಳಿದಿದ್ದ ಗೆಳೆಯ ಹೊನೊರಾಟಸನಿಗಾಗಿ 391ರ ಸುಮಾರಿಗೆ ನಂಬಿಕೆಯ ಪ್ರಯೋಜನವನ್ನು ಕುರಿತು ಒಂದು ಪುಸ್ತಕ ಬರೆದ.

ಅಲ್ಲಿ ಆತ ಎತ್ತುವ ದೃಷ್ಟಾಂತ ಬಹಳ ಸರಳವಾದದ್ದು. ನಿನ್ನ ತಂದೆ ಇವನೇ ಎಂದು ನಿನಗೆ ಹೇಗೆ ಗೊತ್ತು? ತಾಯಿ ಹೇಳಿದ್ದನ್ನು ನಂಬಿದೆ. ತಾಯಿ ಇವಳೇ ಎಂದು ಹೇಗೆ ಗೊತ್ತು? ಸೂಲಗಿತ್ತಿಯರು, ದಾದಿಯರು, ಮನೆಯವರು ಹೇಳಿದ್ದನ್ನು ನಂಬಿದೆ. ನಿನ್ನ ಹುಟ್ಟನ್ನು ನೀನು ನೋಡಿದವನಲ್ಲ. ಇಷ್ಟರಿಂದ ತಂದೆತಾಯಿಗಳಿಗೆ ಸಲ್ಲಬೇಕಾದ ಗೌರವವನ್ನು, ಪ್ರಮಾಣ ಸಾಲದೆಂದು ನಿಲ್ಲಿಸುವೆಯಾ? ಹಾಗೆ ನಿಲ್ಲಿಸಿದರೆ ಮನುಷ್ಯರ ಸಂಸಾರವೇ ಮುರಿದು ಬೀಳುವುದಲ್ಲವೇ?

ಈ ಮಾತು ನಮ್ಮ ದಿನನಿತ್ಯದ ಬಾಳಿಗೂ ಸಲ್ಲುತ್ತದೆ. ಬಸ್ಸಿನ ಚಾಲಕನಿಗೆ ಓಡಿಸಲು ಬರುತ್ತದೆಯೇ ಎಂದು ಪರೀಕ್ಷಿಸಿ ನಾವು ಹತ್ತುವುದಿಲ್ಲ. ಔಷಧದ ಅಂಗಡಿಯವನು ಕೊಟ್ಟ ಗುಳಿಗೆಯನ್ನು ಒಡೆದು ನೋಡಿ ನುಂಗುವುದಿಲ್ಲ. ಪರರ ಮಾತಿನ ಮೇಲೆ ಭಾರ ಹಾಕದೆ ಒಂದು ಹೊತ್ತಿನ ಊಟವೂ ನಡೆಯದು. ಆದ್ದರಿಂದ, ತಾನೇ ಕಂಡದ್ದನ್ನು ಬಿಟ್ಟು ಬೇರೇನನ್ನೂ ನಂಬುವುದಿಲ್ಲ ಎನ್ನುವ ಹುಡುಗನ ಮಾತು ಬಾಯಿಮಾತು. ಅವನೂ ಬೆಳಗಿನಿಂದ ರಾತ್ರಿಯವರೆಗೆ ನಂಬಿಯೇ ಬದುಕುತ್ತಿದ್ದಾನೆ.

ಹಾಗಾದರೆ ಹಿರಿಯರ ಪಕ್ಷವೇ ಗೆದ್ದಿತೇ? ಇಲ್ಲ. ಅಗಸ್ಟೀನನೇ ಅಲ್ಲಿ ಒಂದು ಗೆರೆ ಎಳೆಯುತ್ತಾನೆ. ತಕ್ಕವರ ಮಾತನ್ನು ತಿಳಿದು ನಂಬುವವನು ಬೇರೆ, ಯಾರು ಏನು ಹೇಳಿದರೂ ನಂಬುವ ಸ್ವಭಾವದವನು ಬೇರೆ. ನಂಬಿಕೆ ದೋಷವಲ್ಲ, ಮರುಳುತನ ದೋಷ. ನಮ್ಮ ಗಾದೆಯಲ್ಲಿ ಎತ್ತು ಈಯಿತು ಎಂದವನಿಗೆ ಕೊಟ್ಟಿಗೆಗೆ ಕಟ್ಟು ಎಂದನಲ್ಲ, ಅವನು ಎರಡನೆಯ ಜಾತಿಯವನು. ಅದಕ್ಕಿಂತ ಕೆಟ್ಟದ್ದು, ತಿಳಿಯದ್ದನ್ನು ತಿಳಿದಿದ್ದೇನೆಂದು ಭ್ರಮಿಸುವುದು. ನಂಬಿದವನು 'ನಾನು ನಂಬಿದ್ದೇನೆ' ಎಂದು ಒಪ್ಪಿಕೊಂಡರೆ ತಪ್ಪಿಲ್ಲ. ನಂಬಿದ್ದನ್ನೇ 'ನನಗೆ ಗೊತ್ತು' ಎಂದು ಸಾಧಿಸ ಹೊರಟಾಗ ಅನರ್ಥ ಮೊದಲಾಗುತ್ತದೆ.

ಈ ಗೆರೆಯನ್ನು ಇನ್ನೂ ಸ್ಪಷ್ಟ ಮಾಡಿದವನು ಮೋಶೆ ಬೆನ್ ಮೈಮೋನ್. ಪಶ್ಚಿಮದವರು ಈತನನ್ನು ಮೈಮೊನಿಡೀಸ್ ಎನ್ನುತ್ತಾರೆ. ಸ್ಪೇನಿನ ಕಾರ್ಡೋವಾದಲ್ಲಿ 12ನೆಯ ಶತಮಾನದಲ್ಲಿ ಹುಟ್ಟಿದ ಯೆಹೂದಿ. ನಮ್ಮಲ್ಲಿ ಬಸವಣ್ಣನವರು ಕಲ್ಯಾಣದಲ್ಲಿದ್ದ ಶತಮಾನ ಅದು. ಮತಾಂತರವಾಗಿರಿ, ಇಲ್ಲವೆ ನಾಡು ಬಿಡಿರಿ ಎಂಬ ಆಳರಸರ ಒತ್ತಾಯ ಬಂದಾಗ ಈತನ ಮನೆತನ ಊರು ಬಿಟ್ಟಿತು. ಕೊನೆಗೆ ಈಜಿಪ್ಟಿನಲ್ಲಿ ನೆಲೆಸಿ, ಅರಮನೆಯ ವೈದ್ಯನಾಗಿ, 1204ರಲ್ಲಿ ತೀರಿಕೊಂಡ. ದಕ್ಷಿಣ ಫ್ರಾನ್ಸಿನ ಯೆಹೂದಿ ಪಂಡಿತರು ಈತನಿಗೆ ಒಂದು ಪತ್ರ ಬರೆದು, ಗ್ರಹಗತಿಗಳು ಮನುಷ್ಯನ ಹಣೆಬರಹವನ್ನು ನಿರ್ಣಯಿಸುತ್ತವೆ ಎಂಬುದನ್ನು ನಂಬಬಹುದೇ ಎಂದು ಕೇಳಿದರು.

ಮೈಮೊನಿಡೀಸ್ ಕೊಟ್ಟ ಉತ್ತರ ಹೀಗಿದೆ. ಮನುಷ್ಯನು ಒಂದು ಸಂಗತಿಯನ್ನು ಒಪ್ಪಿಕೊಳ್ಳಲು ಮೂರು ಬಾಗಿಲುಗಳಿವೆ. ಗಣಿತದಂತೆ ಯುಕ್ತಿಯಿಂದ ಸಿದ್ಧವಾದದ್ದು ಒಂದು. ಇಂದ್ರಿಯಗಳಿಂದ ಕಂಡದ್ದು, ಮುಟ್ಟಿದ್ದು ಒಂದು. ಪ್ರವಾದಿಗಳಿಂದಲೋ ಸತ್ಪುರುಷರಿಂದಲೋ ಬಂದದ್ದು ಒಂದು. ನಮ್ಮ ಶಾಸ್ತ್ರಕಾರರ ಮಾತಿನಲ್ಲಿ ಅನುಮಾನ, ಪ್ರತ್ಯಕ್ಷ, ಆಪ್ತವಾಕ್ಯ ಎಂದರೆ ನಿಮಗೆ ಸುಲಭವಾಗಿ ತಿಳಿಯುತ್ತದೆ. ತಾನು ಒಪ್ಪಿರುವ ಪ್ರತಿಯೊಂದು ಸಂಗತಿಯೂ ಯಾವ ಬಾಗಿಲಿನಿಂದ ಒಳಗೆ ಬಂದಿತೆಂದು ಬುದ್ಧಿವಂತನಾದವನು ಮನಸ್ಸಿನಲ್ಲಿ ವಿಂಗಡಿಸಿಟ್ಟುಕೊಂಡಿರಬೇಕು. ಈ ಮೂರರಲ್ಲಿ ಯಾವುದರಿಂದಲೂ ಬಾರದ್ದನ್ನು, ಪುಸ್ತಕದಲ್ಲಿ ಬರೆದಿದೆ ಎಂಬ ಒಂದೇ ಕಾರಣಕ್ಕೆ ನಂಬುವುದು ಸಲ್ಲದು. ಸುಳ್ಳಾಡುವವನಿಗೆ ನಾಲಿಗೆಯಂತೆ ಲೇಖನಿಯೂ ಒದಗುತ್ತದೆ ಎಂಬುದು ಆತನ ಎಚ್ಚರಿಕೆ. ಫಲಜ್ಯೋತಿಷದ ಪುಸ್ತಕಗಳನ್ನೆಲ್ಲ ತಾನು ಓದಿ ನೋಡಿಯೇ ಅದಕ್ಕೆ ಆಧಾರವಿಲ್ಲವೆಂದು ಹೇಳುತ್ತಿದ್ದೇನೆ ಎಂದೂ ತಿಳಿಸಿದ. ಗ್ರಹಗಳ ಚಲನೆಯನ್ನು ಲೆಕ್ಕ ಹಾಕುವ ಖಗೋಳಶಾಸ್ತ್ರವನ್ನು ಮಾತ್ರ ಆತ ನಿಜವಾದ ಶಾಸ್ತ್ರವೆಂದು ಗೌರವಿಸಿದ.

ಅದೇ ಪತ್ರದಲ್ಲಿ ಇನ್ನೊಂದು ಕಠಿಣವಾದ ಮಾತಿದೆ. ತಮ್ಮ ಪೂರ್ವಜರು ರಾಜ್ಯವನ್ನೂ ದೇವಾಲಯವನ್ನೂ ಏಕೆ ಕಳೆದುಕೊಂಡರು? ನಕ್ಷತ್ರಗಳ ಫಲವನ್ನು ನೆಚ್ಚಿ, ಯುದ್ಧವಿದ್ಯೆಯನ್ನು ಕಲಿಯದೆ ಹೋದರು ಎಂಬುದು ಆತ ಕೊಟ್ಟ ಕಾರಣ. ಆಧಾರವಿಲ್ಲದ ನಂಬಿಕೆ ತಲೆಯೊಳಗೆ ಸುಮ್ಮನೆ ಕುಳಿತಿರುವುದಿಲ್ಲ. ಮಾಡಬೇಕಾದ ಕೆಲಸದಿಂದ ಕೈಯನ್ನು ಹಿಂದಕ್ಕೆ ಎಳೆಯುತ್ತದೆ.

ಇನ್ನು ಅಲ್ ಘಜಾಲಿಯ ಮಾತು. 1058ರಲ್ಲಿ ಪರ್ಶಿಯದ ತೂಸ್ ಎಂಬಲ್ಲಿ ಹುಟ್ಟಿದ ಈತ 1091ರಲ್ಲಿ ಬಾಗ್ದಾದಿನ ನಿಜಾಮಿಯಾ ವಿದ್ಯಾಲಯದ ಮುಖ್ಯ ಆಚಾರ್ಯನಾದ. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿ, ಯೆಹೂದಿಗಳ ಮಕ್ಕಳು ಯೆಹೂದಿಗಳಾಗಿ, ಮುಸಲ್ಮಾನರ ಮಕ್ಕಳು ಮುಸಲ್ಮಾನರಾಗಿ ಬೆಳೆಯುವುದನ್ನು ನೋಡಿ ಈತನಿಗೆ ಯೋಚನೆ ಹತ್ತಿತು. ತೊಟ್ಟಿಲಲ್ಲಿ ಬಂದ ನಂಬಿಕೆಯೇ ಸತ್ಯವೆಂದಾದರೆ, ಬೇರೆ ತೊಟ್ಟಿಲಲ್ಲಿ ಹುಟ್ಟಿದ್ದರೆ ನನಗೆ ಬೇರೆ ಸತ್ಯ ಇರುತ್ತಿತ್ತಲ್ಲ! ಈ ಸಂಶಯ ಆತನನ್ನು ಎರಡು ತಿಂಗಳ ಕಾಲ ಯಾವ ಜ್ಞಾನವನ್ನೂ ನೆಚ್ಚದಂತೆ ಮಾಡಿತು. ಮುಂದೆ 1095ರಲ್ಲಿ ಪದವಿ, ಕೀರ್ತಿ ಎಲ್ಲವನ್ನೂ ಬಿಟ್ಟು ಸಾಧಕನಾಗಿ ಹೊರಟುಹೋದ.

ಆತ ತನ್ನ ಆತ್ಮವೃತ್ತಾಂತದಲ್ಲಿ ಹೇಳಿರುವ ಎರಡು ವಿಚಾರಗಳನ್ನು ಇಲ್ಲಿ ನೆನೆಯಬೇಕು. ಮೊದಲನೆಯದು ಪವಾಡದ ವಿಷಯ. ಮೂರು ಹತ್ತಕ್ಕಿಂತ ದೊಡ್ಡದು ಎಂದು ಒಬ್ಬನು ಹೇಳಿ, ಅದಕ್ಕೆ ಸಾಕ್ಷಿಯಾಗಿ ಕೈಯ ಕೋಲನ್ನು ಹಾವು ಮಾಡಿ ತೋರಿಸಿದನೆನ್ನೋಣ. ಅವನು ಅದನ್ನು ಹೇಗೆ ಮಾಡಿದನೆಂದು ಬೆರಗಾಗಬಹುದು. ಆದರೆ ಹತ್ತೇ ದೊಡ್ಡದು ಎಂಬ ತಿಳಿವು ಎಳ್ಳಷ್ಟೂ ಅಲುಗಬಾರದು. ಎರಡನೆಯದು ಗ್ರಹಣದ ವಿಷಯ. ಗ್ರಹಣವೆಂದರೆ ಭೂಮಿಯ ಅಥವಾ ಚಂದ್ರನ ಅಡ್ಡಬರುವಿಕೆ ಎಂದು ಖಗೋಳಜ್ಞರು ಲೆಕ್ಕ ಹಾಕಿ ತೋರಿಸಿರುವಾಗ, ಧರ್ಮವನ್ನು ಕಾಪಾಡುತ್ತೇನೆಂದು ಅದನ್ನು ಅಲ್ಲಗಳೆಯುವವನು ಧರ್ಮಕ್ಕೆ ಮೂರ್ಖ ಮಿತ್ರ. ಲೆಕ್ಕವನ್ನು ಬಲ್ಲವರು ಅವನ ಮಾತು ಕೇಳಿ ಲೆಕ್ಕವನ್ನು ಬಿಡುವುದಿಲ್ಲ, ಧರ್ಮವನ್ನೇ ಬಿಡುತ್ತಾರೆ.

ತಂದೆಯಂದಿರು ಈ ಮಾತನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ಮಗ ಶಾಲೆಯಲ್ಲಿ ಗ್ರಹಣದ ಚಿತ್ರ ಬರೆದು ಬಂದಿದ್ದಾನೆ. ಮನೆಯಲ್ಲಿ ಅದು ಸುಳ್ಳೆಂದು ಗದರಿಸಿದರೆ, ಅವನ ಕಣ್ಣಿನಲ್ಲಿ ಕುಂದುವುದು ವಿಜ್ಞಾನವಲ್ಲ. ಮನೆಯ ಪೂಜೆ, ಮನೆಯ ಹಿರಿತನ ಎರಡೂ ಕುಂದುತ್ತವೆ.

ನಂಬಿದವನು ಎದುರು ಮಾತಿಗೆ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಕ್ರೈಸ್ತರಲ್ಲಿ ಒಂದು ಒಳ್ಳೆಯ ನಿದರ್ಶನವಿದೆ. ಅನ್ಸೆಲ್ಮ್ ಎಂಬ ಸನ್ಯಾಸಿ 1077-78ರ ಸುಮಾರಿಗೆ, ದೇವರಿದ್ದಾನೆಂಬುದನ್ನು ಕೇವಲ ಯುಕ್ತಿಯಿಂದ ಸಿದ್ಧಪಡಿಸಲು ಒಂದು ಗ್ರಂಥ ಬರೆದ. ಮುಂದೆ 1093ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯ ಮಹಾಬಿಷಪ್ಪನಾದವನು ಈತ. ನಂಬಿಕೆ ಸುಮ್ಮನೆ ಕೂಡಬಾರದು, ತಿಳಿವನ್ನು ಅರಸುತ್ತ ಹೋಗಬೇಕು ಎಂಬುದು ಈತನ ಸಿದ್ಧಾಂತ. ಫ್ರಾನ್ಸಿನ ಇನ್ನೊಂದು ಮಠದ ಗೌನಿಲೋ ಎಂಬ ಸನ್ಯಾಸಿ ಆ ಯುಕ್ತಿ ನಿಲ್ಲದೆಂದು ಖಂಡಿಸಿ ಬರೆದ. ಈ ರೀತಿ ವಾದಿಸಿದರೆ ಎಲ್ಲಿಯೂ ಇಲ್ಲದ ಪರಿಪೂರ್ಣ ದ್ವೀಪವೊಂದನ್ನೂ ಇದೆಯೆಂದು ಸಾಧಿಸಬಹುದಲ್ಲ ಎಂದು ಕೇಳಿದ. ಗೌನಿಲೋ ನಾಸ್ತಿಕನಲ್ಲ. ದೇವರನ್ನು ಒಪ್ಪಿಯೂ, ದೇವರ ಪರವಾಗಿ ಕೊಟ್ಟ ದುರ್ಬಲ ಯುಕ್ತಿಯನ್ನು ಒಪ್ಪದವನು. ಅನ್ಸೆಲ್ಮ್ ಏನು ಮಾಡಿದ? ಕೋಪಿಸಿಕೊಳ್ಳಲಿಲ್ಲ. ಸಮಾಧಾನವನ್ನು ಬರೆದು, ಇನ್ನು ಮುಂದೆ ತನ್ನ ಗ್ರಂಥವನ್ನು ಯಾರೇ ಪ್ರತಿ ಮಾಡಿದರೂ ಗೌನಿಲೋನ ಖಂಡನೆಯನ್ನೂ ತನ್ನ ಉತ್ತರವನ್ನೂ ಅದಕ್ಕೆ ಸೇರಿಸಬೇಕೆಂದು ಹೇಳಿದ. ಒಂಬೈನೂರು ವರ್ಷಗಳ ಮೇಲೆ ಇಂದಿಗೂ ಅವು ಒಟ್ಟಿಗೆ ಓದಲ್ಪಡುತ್ತಿವೆ. ತನ್ನ ನಂಬಿಕೆಗೆ ಬಂದ ಆಕ್ಷೇಪವನ್ನು ತಾನೇ ಜೋಪಾನ ಮಾಡಿ ಇಡುವವನಿಗೆ ಸತ್ಯದ ಭಯವಿಲ್ಲ.

ಎಲ್ಲರಿಗೂ ಇಂಥ ಎದುರಾಳಿ ಸಿಗಲಿಲ್ಲ. ಪೀಟರ್ ಅಬೆಲಾರ್ಡ್ (1079-1142) ಎಂಬ ಪಂಡಿತ ಒಂದು ಗ್ರಂಥದಲ್ಲಿ 158 ಪ್ರಶ್ನೆಗಳನ್ನು ಎತ್ತಿಕೊಂಡು, ಒಂದೊಂದಕ್ಕೂ ಪೂರ್ವಾಚಾರ್ಯರ ವಚನಗಳು ಹೌದು ಎಂದೂ ಅಲ್ಲ ಎಂದೂ ಪರಸ್ಪರ ವಿರುದ್ಧವಾಗಿ ಇರುವುದನ್ನು ಸಾಲಾಗಿ ಜೋಡಿಸಿಟ್ಟ. ಶಿಷ್ಯರು ಸಂಶಯದಿಂದ ವಿಚಾರಕ್ಕೆ, ವಿಚಾರದಿಂದ ಸತ್ಯಕ್ಕೆ ಬರಲಿ ಎಂಬುದು ಆತನ ಉದ್ದೇಶ. ದೇವರ ಸ್ವರೂಪವನ್ನು ಕುರಿತು ಬರೆದ ಆತನ ಬೇರೊಂದು ಪುಸ್ತಕವನ್ನು 1121ರಲ್ಲಿ ಸ್ವಾಸೋಂ ಎಂಬ ಊರಿನ ಧರ್ಮಸಭೆ ಖಂಡಿಸಿತು. ಅದನ್ನು ಆತನ ಕೈಯಿಂದಲೇ ಬೆಂಕಿಗೆ ಹಾಕಿಸಿದರು. ಪುಸ್ತಕ ಸುಟ್ಟಿತು. ಪ್ರಶ್ನೆ ಸುಡಲಿಲ್ಲ. ಎದುರುಬದುರು ವಚನಗಳನ್ನು ಇಟ್ಟು ವಿಚಾರಿಸುವ ಪದ್ಧತಿಯೇ ಮುಂದಿನ ಶತಮಾನದಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದ ಪಾಠದ ಪದ್ಧತಿಯಾಯಿತು.

ಆ ಪದ್ಧತಿಯ ಶಿಖರವೇ ಥಾಮಸ್ ಅಕ್ವೈನಸ್. ಈತ 1274ರಲ್ಲಿ ತೀರಿಕೊಂಡ ಇಟಲಿಯ ಸನ್ಯಾಸಿ. ಈತನ ಮಹಾಗ್ರಂಥದಲ್ಲಿ ಯಾವ ವಿಷಯವನ್ನು ಎತ್ತಿದರೂ ಮೊದಲು ಪೂರ್ವಪಕ್ಷ, ಎದುರು ವಾದಗಳು. ಆಮೇಲೆ ತನ್ನ ಸಿದ್ಧಾಂತ. ನಂಬಿಕೆಯನ್ನು ಈತ ವಿಂಗಡಿಸಿದ ರೀತಿ ಹೀಗೆ. ಎರಡು ಮತ್ತು ಎರಡು ನಾಲ್ಕು ಎಂದು ಕಂಡವನು ಒಪ್ಪದೆ ಇರಲಾರ, ಇದು ಜ್ಞಾನ. ಹೀಗಿರಬಹುದು, ಆದರೆ ಹಾಗೂ ಇದ್ದೀತು ಎಂದು ಅಳುಕುತ್ತ ಒಂದು ಕಡೆ ವಾಲುವುದು ಅಭಿಪ್ರಾಯ. ಕಣ್ಣಿಗೆ ಪೂರ್ತಿ ಕಾಣದಿದ್ದರೂ ಮನಸ್ಸು ಗಟ್ಟಿಮಾಡಿ ಒಪ್ಪುವುದು ಶ್ರದ್ಧೆ. ಜ್ಞಾನದಲ್ಲಿ ನಮ್ಮ ಇಚ್ಛೆಗೆ ಕೆಲಸವಿಲ್ಲ. ಶ್ರದ್ಧೆಯಲ್ಲಿ ಇಚ್ಛೆಯೇ ಮುಂದಾಗಿ ಕೆಲಸ ಮಾಡುತ್ತದೆ. ಆದ್ದರಿಂದಲೇ ಶ್ರದ್ಧೆ ಒಂದು ಕರ್ಮ. ಕರ್ಮವಾದ ಮೇಲೆ ಅದರಲ್ಲಿ ಪುಣ್ಯವೂ ಉಂಟು, ದೋಷವೂ ಉಂಟು. ಇದನ್ನು ನಂಬುವುದು ಯೋಗ್ಯ ಎಂದು ಮೊದಲು ಕಂಡಲ್ಲದೆ ಯಾರೂ ನಂಬುವುದಿಲ್ಲ ಎಂದೂ ಆತ ಸೇರಿಸುತ್ತಾನೆ.

ಇದೇ ದಾರಿಯಲ್ಲಿ ನಡೆದು ಅಕ್ವೈನಸ್ ಒಂದು ಧೀರವಾದ ಮಾತಿಗೆ ಬರುತ್ತಾನೆ. ಕ್ರಿಸ್ತನನ್ನು ನಂಬುವುದು ಒಳ್ಳೆಯದು ಎಂಬುದು ಆತನ ದೃಢನಿಶ್ಚಯ. ಆದರೂ ಒಬ್ಬನ ಬುದ್ಧಿಗೆ ಅದು ಕೆಟ್ಟದ್ದಾಗಿ ತೋರಿದರೆ, ಆ ತೋರಿಕೆಯನ್ನು ಮೀರಿ ನಂಬುವುದು ಅವನ ಪಾಲಿಗೆ ತಪ್ಪು ಎನ್ನುತ್ತಾನೆ. ಅಂತಃಸಾಕ್ಷಿಗೆ ವಿರುದ್ಧವಾದ ನಂಬಿಕೆ, ನಂಬಿದ ಸಂಗತಿ ಎಷ್ಟೇ ದೊಡ್ಡದಾಗಿರಲಿ, ಸುಕೃತವಾಗದು. ಹಿಂದೆಂದೂ ತಮ್ಮ ಮತವನ್ನು ಒಪ್ಪದವರನ್ನು ಬಲವಂತದಿಂದ ನಂಬಿಸಬಾರದು, ನಂಬಿಕೆ ಮನಸ್ಸಿನ ಇಚ್ಛೆಗೆ ಸೇರಿದ್ದು ಎಂದೂ ಆತ ಬರೆದ.

ಆದರೆ ಸದ್ಭಕ್ತರೇ, ದೀಪದ ಬುಡದ ಕತ್ತಲೆಯನ್ನೂ ತೋರಿಸದೆ ಇರುವುದು ನ್ಯಾಯವಲ್ಲ. ಒಮ್ಮೆ ಮತವನ್ನು ಒಪ್ಪಿ ಆಮೇಲೆ ಹಟದಿಂದ ಬೇರೆ ಬೋಧಿಸುವವರನ್ನು, ಎಚ್ಚರಿಸಿದ ಮೇಲೂ ತಿದ್ದಿಕೊಳ್ಳದಿದ್ದರೆ, ರಾಜನ ಕೈಗೆ ಒಪ್ಪಿಸಿ ಮರಣದಂಡನೆ ಕೊಡಿಸಬಹುದೆಂದು ಅದೇ ಗ್ರಂಥದಲ್ಲಿ ಅದೇ ಅಕ್ವೈನಸ್ ಬರೆದಿದ್ದಾನೆ. ಖೋಟಾ ನಾಣ್ಯ ಮಾಡುವವನಿಗೇ ಮರಣದಂಡನೆ ಇರುವಾಗ, ಆತ್ಮವನ್ನು ಕೆಡಿಸುವವನಿಗೆ ಅದು ಇನ್ನೂ ಸಲ್ಲುತ್ತದೆ ಎಂಬುದು ಆತನ ವಾದ. ಅಂತಃಸಾಕ್ಷಿಯನ್ನು ಅಷ್ಟು ಎತ್ತರಕ್ಕೆ ಏರಿಸಿದ ಕೈ ಅದನ್ನು ಇಲ್ಲಿ ಕೆಳಗಿಳಿಸಿತು. ಏಕೆ? ತಾನು ನಂಬಿದ್ದು, ಜ್ಞಾನದಷ್ಟೇ ಏಕೆ, ಅದಕ್ಕಿಂತಲೂ ನಿಶ್ಚಿತವೆಂದು ಆತ ತಿಳಿದಿದ್ದ. ಕಾಣದ್ದನ್ನು ನಂಬಿ ತಾನು ಕಷ್ಟಪಡುವುದು ತಪಸ್ಸು. ಕಾಣದ್ದನ್ನು ನಂಬಿ ಪರರನ್ನು ಕಷ್ಟಕ್ಕೆ ಗುರಿಮಾಡುವುದು ಹಿಂಸೆ. ಈ ಎರಡರ ನಡುವಿನ ಅಂತರವನ್ನು ಮರೆತಾಗ ಮಹಾಜ್ಞಾನಿಯೂ ಎಡವುತ್ತಾನೆ.

ಈ ಅಂತರವನ್ನೇ ಹಿಡಿದು, ಬಹಳ ಕಾಲದ ಮೇಲೆ, ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ಒಂದು ಲೇಖನ ಬರೆದ. ಅದರಲ್ಲಿ ಹಡಗಿನ ಮಾಲೀಕನೊಬ್ಬನ ದೃಷ್ಟಾಂತ ಬರುತ್ತದೆ. ಹಡಗು ಹಳೆಯದು, ದುರಸ್ತಿ ಬೇಕೆಂಬ ಸಂಶಯ ಅವನಿಗೆ ಬಂದಿತ್ತು. ದುರಸ್ತಿಗೆ ಹಣ ಬೇಕು. ಇಷ್ಟು ಸಲ ಹೋಗಿ ಬಂದಿದೆ, ದೇವರು ಕಾಪಾಡುತ್ತಾನೆ ಎಂದು ಮನಸ್ಸನ್ನು ಒಪ್ಪಿಸಿದ. ಒಪ್ಪಿಸಿ ಒಪ್ಪಿಸಿ ಕೊನೆಗೆ ಪ್ರಾಮಾಣಿಕವಾಗಿಯೇ ನಂಬಿದ. ವಲಸೆ ಹೊರಟ ಬಡವರನ್ನು ತುಂಬಿಕೊಂಡ ಹಡಗು ನಡುಗಡಲಿನಲ್ಲಿ ಮುಳುಗಿತು. ಅವನು ಪ್ರಾಮಾಣಿಕವಾಗಿ ನಂಬಿದ್ದ ಎಂಬುದು ಅವನನ್ನು ಉಳಿಸೀತೇ? ಉಳಿಸದು. ಹಡಗು ಸುಖವಾಗಿ ದಡ ಸೇರಿದ್ದರೂ ಅವನ ದೋಷ ದೋಷವೇ ಎನ್ನುತ್ತಾನೆ ಕ್ಲಿಫರ್ಡ್, ಏಕೆಂದರೆ ಅವನಿಗೆ ಹಾಗೆ ನಂಬುವ ಹಕ್ಕೇ ಇರಲಿಲ್ಲ. ಸಾಕಷ್ಟು ಆಧಾರವಿಲ್ಲದೆ ಏನನ್ನು ನಂಬುವುದೂ ಎಲ್ಲ ಕಾಲಕ್ಕೂ ತಪ್ಪು ಎಂಬುದು ಆತನ ತೀರ್ಮಾನ.

ಅಮೆರಿಕದ ವಿಲಿಯಂ ಜೇಮ್ಸ್ 1896ರಲ್ಲಿ ಇದಕ್ಕೆ ಉತ್ತರ ಕೊಟ್ಟ. ಕೆಲವು ಸಂಗತಿಗಳಲ್ಲಿ ಆಧಾರ ಬರಲೆಂದು ಕಾದು ಕುಳಿತರೆ ಕಾಲ ಮೀರಿ ಹೋಗುತ್ತದೆ. ಈತ ನನ್ನನ್ನು ಪ್ರೀತಿಸುತ್ತಾನೆಯೇ ಎಂಬುದಕ್ಕೆ ಪೂರ್ಣ ಪ್ರಮಾಣ ಸಿಗುವವರೆಗೆ ಕೈಚಾಚದವನಿಗೆ ಗೆಳೆಯನೇ ಸಿಗುವುದಿಲ್ಲ. ಮೊದಲು ನಂಬಿದಾಗಲೇ ಗೆಳೆತನ ನಿಜವಾಗುತ್ತದೆ. ಬುದ್ಧಿಯಿಂದ ತೀರ್ಮಾನವಾಗದ, ಆದರೆ ತೀರ್ಮಾನಿಸದೆ ಬಿಡಲಾಗದ ಮಹತ್ತಿನ ವಿಷಯಗಳಲ್ಲಿ ಹೃದಯ ಮುಂದಡಿ ಇಡಬಹುದು ಎಂದು ಆತ ವಾದಿಸಿದ.

ನಮಗೆ ತೋರುವುದಿಷ್ಟು. ಇಬ್ಬರ ಮಾತಿಗೂ ಸ್ಥಾನವಿದೆ, ಸ್ಥಾನವನ್ನು ತಿಳಿದಿರಬೇಕು. ಗೆಳೆಯನ ಮನಸ್ಸನ್ನು ಪ್ರಮಾಣ ಕೇಳಿ ಅಳೆಯಬಾರದು. ಹಡಗಿನ ಹಲಗೆಯನ್ನು ದೇವರ ಹೆಸರಿನಲ್ಲಿ ಪರೀಕ್ಷಿಸದೆ ಬಿಡಬಾರದು. ಪರೀಕ್ಷಿಸಿ ತಿಳಿಯಬಹುದಾದ ವಿಷಯದಲ್ಲಿ ಪರೀಕ್ಷೆಯೇ ಭಕ್ತಿ.

ಇದನ್ನು ಮನೆಗೆ ತೆಗೆದುಕೊಂಡು ಹೋಗಲು ಮೂರು ಪ್ರಶ್ನೆಗಳನ್ನು ಹೇಳುತ್ತೇವೆ. ಯಾವುದನ್ನಾದರೂ ನಂಬುವ ಮುನ್ನ ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಇದು ನನ್ನೊಳಗೆ ಯಾವ ಬಾಗಿಲಿನಿಂದ ಬಂದಿತು, ಹೇಳಿದವನು ಈ ವಿಷಯವನ್ನು ಬಲ್ಲವನೇ, ನನ್ನ ನಂಬಿಕೆಯಿಂದ ಅವನಿಗೇನು ಲಾಭ? ಇದು ಮೊದಲನೆಯದು. ಇದಕ್ಕೆ ಎದುರಾದ ಮಾತನ್ನು ಕೇಳಲು ನಾನು ಸಿದ್ಧನಿದ್ದೇನೆಯೇ, ಇಲ್ಲವೆ ಸಂಶಯವನ್ನು ಹೊಸಕಿ ಹಾಕುತ್ತಿದ್ದೇನೆಯೇ? ಇದು ಎರಡನೆಯದು. ನನ್ನ ನಂಬಿಕೆ ಸುಳ್ಳಾದರೆ ನಷ್ಟ ಯಾರಿಗೆ? ಇದು ಮೂರನೆಯದು, ಮೂರರಲ್ಲಿ ಹಿರಿದು.

ಮಗುವಿಗೆ ಹಾವು ಕಚ್ಚಿದೆ ಎನ್ನಿರಿ. ಮಂತ್ರ ಹಾಕುವವನ ಮೇಲೆ ತಂದೆಗೆ ಬಹಳ ನಂಬಿಕೆ. ಆ ನಂಬಿಕೆಗಾಗಿ ಸಾಯುವವನು ತಂದೆಯಲ್ಲ, ಮಗು. ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದು ಆಸ್ಪತ್ರೆಯಲ್ಲಿದೆ, ಒಂದೊಂದು ಗಳಿಗೆಯೂ ಬೆಲೆಯುಳ್ಳದ್ದು. ಅಲ್ಲಿ ಮಂತ್ರವನ್ನು ನೆಚ್ಚಿ ಕೂಡುವುದು ಭಕ್ತಿಯಲ್ಲ. ಮಗುವಿನ ಪ್ರಾಣವನ್ನು ಪಣಕ್ಕಿಟ್ಟು ಆಡುವ ಜೂಜು. ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿರಿ. ದಾರಿಯುದ್ದಕ್ಕೂ ದೇವರ ನಾಮವನ್ನು ನೆನೆಯಿರಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಹಾಗೆಯೇ ಹೆಣ್ಣುಮಗಳ ಮದುವೆಗೆಂದು ತಾಯಿ ಕೂಡಿಟ್ಟ ಹಣವನ್ನು, ಎರಡೇ ವರ್ಷಕ್ಕೆ ದುಪ್ಪಟ್ಟು ಮಾಡಿಕೊಡುತ್ತೇನೆ ಎಂದವನ ಕೈಗೆ ಹಾಕುವಾಗ, 'ನಮ್ಮವನೇ, ಮೋಸ ಮಾಡಲಾರ' ಎಂದರೆ ಸಾಲದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನೆರೆಯವರ ಮನೆಯ ಹೆಣ್ಣುಮಗಳ ನಡತೆಯನ್ನು ಕುರಿತು ಬಂದ ಗಾಳಿಮಾತನ್ನು ನಂಬುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ನಂಬುವುದಕ್ಕೆ ನಿಮಗೆ ಒಂದು ಕ್ಷಣ ಸಾಕು. ಆ ನಷ್ಟವನ್ನು ಅವಳು ಜನ್ಮವಿಡೀ ತೆರಬೇಕು.

ಮಠದ ವಿಷಯದಲ್ಲಿಯೂ ಬೇರೆ ನ್ಯಾಯವಿಲ್ಲ. ಕಾವಿ ಉಟ್ಟವರು ಹೇಳಿದರು ಎಂಬುದು ಒಂದು ಬಾಗಿಲು ಮಾತ್ರ. ಆ ಬಾಗಿಲಿನಿಂದ ಬಂದ ಮಾತನ್ನೂ ಒಳಮನೆಯಲ್ಲಿ ಕೂಡಿಸಿ ವಿಚಾರಿಸಿರಿ. ಈ ದಿನ ನಾವು ಆಡಿದ ಮಾತಿಗೂ ಅದೇ ಸಲ್ಲುತ್ತದೆ. ನಿಮ್ಮ ಮಗ ಇದಕ್ಕೆ ಎದುರಾಗಿ ಏನಾದರೂ ಕೇಳಿದರೆ ಗದರಿಸಬೇಡಿರಿ. ಅನ್ಸೆಲ್ಮನು ಗೌನಿಲೋನ ಮಾತನ್ನು ಇಟ್ಟುಕೊಂಡಂತೆ ಇಟ್ಟುಕೊಳ್ಳಿರಿ, ಸಾಧ್ಯವಾದರೆ ಅವನನ್ನು ಇಲ್ಲಿಗೆ ಕರೆದುಕೊಂಡು ಬನ್ನಿರಿ. ಒಟ್ಟಿಗೆ ಕುಳಿತು ಮಾತನಾಡೋಣ.

ನಂಬಿರಿ. ನಂಬದೆ ಬಾಳಲಾಗದು. ಆದರೆ ನಂಬಿದ್ದಕ್ಕೆ ನಾವೇ ಹೊಣೆ ಎಂಬುದನ್ನು ಮರೆಯದೆ ನಂಬಿರಿ.